ಕಡುಚಳಿಯ ನಾಡಿಗೆ ಕೈಗವಸು

ನಮ್ಮ ಎರೆಸೀಮೆಯಲ್ಲಿ ಮಾಗಿಯ ಚಳಿಯೆಂದರೆ ನಸುಕಿನಲ್ಲಿ ಕಂಬಳಿ ಹೊದ್ದು, ಕಸಕಡ್ಡಿ ಕೂಡಿಸಿ ಬೆಂಕಿ ಕಾಯಿಸಿಕೊಳ್ಳುವಷ್ಟು ಮಾತ್ರ. ಹೊತ್ತು ಮಾರುದ್ದ ಏರಿತೆಂದರೆ ಕಂಬಳಿ ಗೂಟಕ್ಕೆ ಹೋಗುತ್ತದೆ. ಹೀಗಿರುವಾಗ ಕುಂದಗೋಳ-ನವಲಗುಂದದ ಕಡೆಯವರಾದ ನಮಗೆ ಕೈಗವಸಿನ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು.

ಅದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ. 2016ನೆಯ ಇಸವಿ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣ್ಯದ ಮೇಲೆ ಹಿಮರಾಶಿ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಯೋಧರು ಹೂತುಹೋದರು. ಅವರಲ್ಲಿ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಒಬ್ಬರು. ಫೆಬ್ರುವರಿ 8ರಂದು ಹಿಮದಾಳದಿಂದ ಅವರನ್ನು ಜೀವಂತವಾಗಿ ಹೊರತೆಗೆದರು. ಮೂರು ದಿನಗಳ ನಂತರ ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ವೀರಮರಣವನ್ನಪ್ಪಿದರು. ಅಂಥ ಹಿಮಕುಸಿತದಿಂದ ಯಾವ ಉಡುಪೂ ಕಾಪಾಡಲಾರದು, ನಿಜ. ಆದರೆ ಎರೆಹೊಲದಲ್ಲಿ ಬೆಳೆದ ಕೈ ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ದುಡಿಯಬೇಕಾಗಿ ಬರಬಹುದೆಂಬುದನ್ನು ಆ ದಿನ ಸೀಮೆಯ ಜನವೆಲ್ಲ ಅರಿಯಿತು. ನಮ್ಮ ಮಿತ್ರರಲ್ಲಿ ಸೈನ್ಯಕ್ಕೆ ಸೇರುವವರುಂಟು. ಲಡಾಖದ ಪ್ರವಾಸಕ್ಕೆ ಹೊರಡುವವರುಂಟು. ಕೆನಡಾಕ್ಕೆ ಓದಲು ಹೋಗುವವರುಂಟು. ಸೈನಿಕನಿಗೆ ಸರಕಾರವೇ ಕೈಗವಸು ಕೊಡುತ್ತದೆ. ಉಳಿದವರು ತಾವೇ ಆರಿಸಿಕೊಳ್ಳಬೇಕು.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಕೈಗವಸು ಕೈಗೆ ಬಿಸಿಯನ್ನು ಕೊಡುವುದಿಲ್ಲ. ಐಸ್ ಗಡ್ಡೆ ಮಾರುವವರು ಅದನ್ನು ಕರಗದಂತೆ ಗೋಣಿತಟ್ಟಿನಲ್ಲಿ ಸುತ್ತಿಡುವುದನ್ನು ನೋಡಿದ್ದೇವೆ. ತಟ್ಟಿಗೆ ತನ್ನದೇ ಆದ ಬಿಸಿಯಿದ್ದರೆ ಗಡ್ಡೆ ಬೇಗನೆ ಕರಗಬೇಕಾಗಿತ್ತು! ಒಳಗಿನ ಬಿಸಿ ಹೊರಗೆ, ಹೊರಗಿನ ಬಿಸಿ ಒಳಗೆ ಹೋಗದಂತೆ ತಡೆಯುವುದಷ್ಟೇ ಬಟ್ಟೆಯ ಕೆಲಸ. ಅದನ್ನೂ ಬಹುಮಟ್ಟಿಗೆ ಮಾಡುವುದು ಎಳೆಗಳ ನಡುವೆ ಸಿಕ್ಕು ಅಲುಗಾಡದೆ ನಿಂತ ಗಾಳಿ. ಕೈಗೆ ಬೇಕಾದ ಬಿಸಿಯನ್ನು ತರುವುದು ನಮ್ಮ ರಕ್ತವೇ. ಈ ಒಂದು ಸಂಗತಿ ತಿಳಿದರೆ ಉಳಿದ ನಿಯಮಗಳೆಲ್ಲ ತಾವಾಗಿಯೇ ಹೊಳೆಯುತ್ತವೆ.

ಒಂದನೆಯದು, ಕೈಗವಸು ಬಿಗಿಯಾಗಿರಬಾರದು. ಬಿಗಿಯಾದರೆ ಗಾಳಿಗೂ ಎಡೆಯಿಲ್ಲ, ರಕ್ತದ ಓಡಾಟಕ್ಕೂ ಅಡ್ಡಿ. ತೊಟ್ಟುಕೊಂಡು ಮುಷ್ಟಿ ಕಟ್ಟಿ ನೋಡಿ. ಬೆರಳ ತುದಿಯಲ್ಲಿ ತುಸು ಜಾಗ ಉಳಿಯಬೇಕು.

ಎರಡನೆಯದು, ಕಡುಚಳಿಗೆ ಐದು ಬೆರಳಿನ ಗವಸಿಗಿಂತ ಮಿಟನ್ ಎಂಬುದು ಮೇಲು. ಇದರಲ್ಲಿ ಹೆಬ್ಬೆರಳಿಗೆ ಒಂದು ಮನೆ, ಉಳಿದ ನಾಲ್ಕಕ್ಕೂ ಕೂಡಿ ಒಂದೇ ಮನೆ. ಬೇರೆ ಬೇರೆಯಾದ ಬೆರಳುಗಳು ಎಲ್ಲ ಬದಿಯಿಂದಲೂ ಬಿಸಿಯನ್ನು ಕಳೆದುಕೊಳ್ಳುತ್ತವೆ. ಕೂಡಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ ಒದಗುತ್ತದೆ. ಒಟ್ಟು ಕುಟುಂಬದ ಲಾಭವನ್ನು ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಮೂರನೆಯದು, ಒಂದೇ ದಪ್ಪ ಗವಸಿಗಿಂತ ಒಂದರ ಮೇಲೊಂದು ತೊಡುವುದು ಲೇಸು. ಒಳಗೆ ತೆಳುವಾದ ಉಣ್ಣೆಯದು, ಅದರ ಮೇಲೆ ದಪ್ಪನೆಯದು, ಎಲ್ಲಕ್ಕೂ ಮೇಲೆ ಗಾಳಿಯೂ ನೀರೂ ನುಗ್ಗದ ಹೊದಿಕೆ. ಗುಂಡಿ ಹಾಕಲು, ಬೂಟಿನ ಲೇಸು ಕಟ್ಟಲು ಮೇಲಿನದನ್ನು ತೆಗೆದರೂ ಒಳಗಿನದು ಕೈಮೇಲೆ ಉಳಿಯುತ್ತದೆ. ಅಂಥ ಚಳಿಯಲ್ಲಿ ಬರಿಗೈಯಿಂದ ಲೋಹವನ್ನು ಮುಟ್ಟಿದರೆ ಚರ್ಮ ಅದಕ್ಕೇ ಅಂಟಿಕೊಳ್ಳುತ್ತದೆ.

ನಾಲ್ಕನೆಯ ಮಾತು ನಮಗೆ ತುಸು ಕಹಿ. ನಾವು ಹತ್ತಿ ಬೆಳೆಯುವವರು. ನವಲಗುಂದದ ಹತ್ತಿಯ ಜಮಖಾನೆ ನಮ್ಮ ಹೆಮ್ಮೆ. ಆದರೂ ಕಡುಚಳಿಯ ಕೈಗವಸಿಗೆ ಹತ್ತಿ ಸಲ್ಲದು. ಅದು ಬೆವರನ್ನು ಹೀರುತ್ತದೆ, ಬೇಗ ಆರುವುದಿಲ್ಲ. ಒದ್ದೆಯಾದೊಡನೆ ಗಾಳಿಯ ಜಾಗದಲ್ಲಿ ನೀರು ತುಂಬಿ ಬಿಸಿಯೆಲ್ಲ ಹರಿದುಹೋಗುತ್ತದೆ. ಉಣ್ಣೆ ತುಸು ತೇವವಾದರೂ ತನ್ನ ಗುಣವನ್ನು ಪೂರ್ತಿ ಬಿಡದು. ಜಿಟಿಜಿಟಿ ಮಳೆಯಲ್ಲಿ ಕುರುಬಣ್ಣ ಕಂಬಳಿಕೊಪ್ಪೆ ಹಾಕಿಕೊಂಡು ಕುರಿ ಕಾಯುವುದರ ಮರ್ಮವೂ ಇದೇ. ಆದ್ದರಿಂದ ದಿಬ್ಬ ಹತ್ತುವಾಗ ಕೈ ಬೆವರುವ ಮೊದಲೇ ಒಂದು ಪದರನ್ನು ತೆಗೆಯಬೇಕು. ನಿಂತೊಡನೆ ಮತ್ತೆ ತೊಡಬೇಕು.

ಐದನೆಯದು, ಕೈಗವಸು ಕಳೆಯಬಾರದು. ಫ್ರಾನ್ಸಿನ ಮಾರಿಸ್ ಹರ್ಜೋಗ್ 1950ನೆಯ ಇಸವಿ ಜೂನ್ 3ರಂದು ಲಾಶೆನಾಲ್ ಎಂಬ ಜೊತೆಗಾರನೊಡನೆ ಅನ್ನಪೂರ್ಣಾ ಶಿಖರವನ್ನೇರಿದನು. ಎಂಟು ಸಾವಿರ ಮೀಟರಿಗೆ ಮಿಕ್ಕ ಶಿಖರವನ್ನು ಮನುಷ್ಯ ಮೆಟ್ಟಿದ್ದು ಅದೇ ಮೊದಲು. ಇಳಿಯುವಾಗ ಚೀಲ ಬಿಚ್ಚಲೆಂದು ಅವನು ಕೈಗವಸುಗಳನ್ನು ತೆಗೆದಿಟ್ಟನು. ಅವು ಜಾರಿ ಕಣಿವೆಗೆ ಉರುಳಿದವು. ಚೀಲದಲ್ಲಿ ಹೆಚ್ಚಿನ ಕಾಲುಚೀಲಗಳಿದ್ದವು. ಅವನ್ನೇ ಕೈಗೆ ತೊಡಬಹುದೆಂಬುದು ದಣಿದ ತಲೆಗೆ ಹೊಳೆಯಲಿಲ್ಲ. ಆ ಯಾತ್ರೆಯಲ್ಲಿ ಅವನು ಕೈಬೆರಳುಗಳನ್ನೂ ಕಾಲ್ಬೆರಳುಗಳನ್ನೂ ಕಳೆದುಕೊಂಡನು. ಕೈಗವಸಿಗೆ ದಾರ ಕಟ್ಟಿ ಮುಂಗೈಗೆ ಸಿಕ್ಕಿಸಿಕೊಳ್ಳುವುದು ಮಕ್ಕಳಾಟವಲ್ಲ. ಇನ್ನೊಂದು ಜೊತೆ ಚೀಲದಲ್ಲಿರಲೇಬೇಕು.

ಇಷ್ಟಾದರೂ ಮೈ ತಣ್ಣಗಿದ್ದರೆ ಕೈಗವಸು ವ್ಯರ್ಥ. ಚಳಿ ಹೆಚ್ಚಾದಾಗ ಹೃದಯ, ಮೆದುಳುಗಳನ್ನು ಉಳಿಸಲು ಶರೀರವು ಬೆರಳುಗಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಆದುದರಿಂದ ತಲೆ, ಎದೆ ಬೆಚ್ಚಗಿರಬೇಕು, ಹೊಟ್ಟೆ ತುಂಬಿರಬೇಕು. ಮದ್ಯ ಕುಡಿದರೆ ಬಿಸಿಯಾದಂತೆ ತೋರುವುದು ಭ್ರಾಂತಿ. ಅದು ಮೈಯ ಬಿಸಿಯನ್ನು ಹೊರಗೆ ಚೆಲ್ಲುತ್ತದೆ.

ಬೆರಳು ಮೊದಲು ನೋಯುತ್ತದೆ. ಆಮೇಲೆ ನೋವು ನಿಂತು ಮರಗಟ್ಟಿ ಬೆಳ್ಳಗಾದರೆ ನೆಮ್ಮದಿಯೆಂದು ತಿಳಿಯಬಾರದು. ಅದೇ ಫ್ರಾಸ್ಟ್‌ಬೈಟ್, ಅಂದರೆ ಹಿಮಕಡಿತದ ಆರಂಭ. ಆಗ ಬೆರಳನ್ನು ತಿಕ್ಕಕೂಡದು, ಹಿಮ ಸವರಕೂಡದು, ಬೆಂಕಿಗೆ ಹಿಡಿಯಕೂಡದು. ಜಡವಾದ ಬೆರಳಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗಕ್ಕೆ ಬಂದ ಮೇಲೆ 37ರಿಂದ 39 ಡಿಗ್ರಿಯ ಉಗುರು ಬೆಚ್ಚನೆಯ ನೀರಿನಲ್ಲಿ ಅದ್ದಿಡಬೇಕು. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕೊನೆಗೊಂದು ಸೂಚನೆ. ಕೊಂಡ ಕೈಗವಸನ್ನು ಪೆಟ್ಟಿಗೆಯಲ್ಲಿಟ್ಟು ಹೊರಡಬೇಡಿರಿ. ಮನೆಯಲ್ಲಿಯೇ ತೊಟ್ಟು, ಚೀಲ ಬಿಚ್ಚಿ ಕಟ್ಟಿ, ಗುಂಡಿ ಹಾಕಿ ತೆಗೆದು ಅಭ್ಯಾಸ ಮಾಡಿರಿ. ನೋಡಿದವರು ನಕ್ಕರೆ ನಗಲಿ. ಕುಂಟೆ ಹಿಡಿಯುವುದಕ್ಕಾಗಲಿ ಲೇಖನಿ ಹಿಡಿಯುವುದಕ್ಕಾಗಲಿ ನಮಗಿರುವುದು ಈ ಹತ್ತೇ ಬೆರಳು. ಹೋದಷ್ಟನ್ನೂ ಮರಳಿ ಊರಿಗೆ ತರುವುದು ಪ್ರವಾಸಿಯ ಮೊದಲ ಜಾಣತನ.