ನೀರು ಹೀರುವ ಹರಳು: ಒಂದು ಚಮಚ ಹೆಚ್ಚಾದರೆ ಸಸಿಯೇ ಹೊರಗೆ!

ನಮ್ಮದು ದಕ್ಷಿಣ ಕನ್ನಡದ ಗುಡ್ಡದ ಬುಡದ ಎರಡೆಕರೆ ಅಡಿಕೆ ತೋಟ. ಜತೆಗೆ ಮನೆಯಾಕೆಯ ಸಣ್ಣ ನರ್ಸರಿ. ಫೆಬ್ರವರಿಯಲ್ಲಿ ಕರಿಮೆಣಸಿನ ಹಬ್ಬುಬಳ್ಳಿ ತುಂಡರಿಸಿ ತೊಟ್ಟೆಗೆ ನೆಟ್ಟರೆ ಜೂನ್ ಹೊತ್ತಿಗೆ ಮಾರಲು ಗಿಡ ತಯಾರು. ವರ್ಷಕ್ಕೆ ನಾನ್ನೂರು, ಐನೂರು ತೊಟ್ಟೆ. ದೊಡ್ಡ ದುಡ್ಡೇನಲ್ಲ. ಆದರೆ ಮಳೆಗಾಲದ ಆರಂಭದ ಖರ್ಚಿಗೆ ಅದೇ ಆಧಾರ.

ತೊಂದರೆ ಇರುವುದು ಮಾರ್ಚ್, ಏಪ್ರಿಲಿನಲ್ಲಿ. ಬಾವಿ ಬತ್ತುತ್ತದೆ. ತೊಟ್ಟೆಯಲ್ಲಿರುವ ಮಣ್ಣು ಒಂದೂವರೆ ಕಿಲೋ ಕೂಡಾ ಇಲ್ಲ. ಬೆಳಗ್ಗೆ ಹಾಕಿದ ನೀರು ಸಂಜೆಗೆ ಆವಿ. ಒಂದು ದಿನ ತಪ್ಪಿದರೆ ಚಿಗುರು ಬಾಡುತ್ತದೆ.

2019ರ ಫೆಬ್ರವರಿಯಲ್ಲಿ ಅಮ್ಮನ ಕಾಲಿನ ಆಪರೇಷನ್‌ಗೆ ದಿನ ಗೊತ್ತಾಯಿತು. ಮಂಗಳೂರಲ್ಲಿ ಕನಿಷ್ಠ ಒಂದು ವಾರ. ನೀರು ಹಾಕುವವರು ಯಾರು? ಪಕ್ಕದ ಮನೆಯವರು ಎರಡು ದಿನಕ್ಕೊಮ್ಮೆ ಬಂದು ನೋಡುತ್ತೇನೆಂದರು. ಆಗ ಪೇಟೆಯಲ್ಲಿ ಕಣ್ಣಿಗೆ ಬಿದ್ದದ್ದು ಈ ಹರಳು. ಕಲ್ಲುಸಕ್ಕರೆ ಪುಡಿ ಮಾಡಿದ ಹಾಗೆ ಕಾಣುತ್ತದೆ. "ತನ್ನ ತೂಕದ ಮುನ್ನೂರು ಪಟ್ಟು ನೀರು ಕುಡಿದು ಬೇರಿಗೆ ಬೇಕಾದಾಗ ಕೊಡ್ತದೆ" ಎಂದರು ಅಂಗಡಿಯವರು. ಸಾವಿರಕ್ಕೂ ಹೆಚ್ಚು ಕೊಟ್ಟು ಒಂದು ಕಿಲೋ ತಂದೆ.

ನೂರೈವತ್ತು ತೊಟ್ಟೆಗೆ ತಲಾ ಒಂದು ದೊಡ್ಡ ಚಮಚದಂತೆ ಒಣ ಹರಳನ್ನೇ ಮಣ್ಣಿಗೆ ಬೆರೆಸಿದೆ. ಬಳ್ಳಿ ನೆಟ್ಟು ನೀರು ಹೊಯ್ದೆ. ಮನೆಯಾಕೆ ಆಗಲೇ "ಇಷ್ಟು ಬೇಕಾ?" ಎಂದು ಕೇಳಿದ್ದಳು. ಕೇಳಿಸಿಕೊಳ್ಳಲಿಲ್ಲ.

ಮೂರನೇ ದಿನ ಬೆಳಗ್ಗೆ ನೋಡುತ್ತೇನೆ, ತೊಟ್ಟೆಯ ಬಾಯಿ ಮೀರಿ ಮಣ್ಣು ಉಕ್ಕಿದೆ! ಅಲ್ಲಲ್ಲಿ ಲೋಳೆಯಂಥ ಮುದ್ದೆ. ಬಳ್ಳಿಯ ತುಂಡುಗಳು ಸಡಿಲಾಗಿ ವಾಲಿ ನಿಂತಿವೆ. ಕೆಲವು ಪೂರ್ತಿ ಹೊರಗೆ. ಒತ್ತಿ ಸರಿಮಾಡಲು ಹೋದರೆ ಬೆರಳು ಜಾರುತ್ತದೆ. ಬಳ್ಳಿಯ ಗಂಟಿಗೆ ಮಣ್ಣು ಗಟ್ಟಿಯಾಗಿ ತಾಗದಿದ್ದರೆ ಬೇರು ಬರುವುದು ಹೇಗೆ?

ಆಸ್ಪತ್ರೆಯಿಂದ ಬಂದಾಗ ಆ ನೂರೈವತ್ತರಲ್ಲಿ ಚಿಗುರಿದ್ದು ಅರ್ಧಕ್ಕೂ ಕಮ್ಮಿ. ಅವೂ ಜೂನಿನ ಮಳೆಗೆ ಸಿಕ್ಕವು. ಹರಳು ಹಾಕದ ತೊಟ್ಟೆಯಲ್ಲಿ ನೀರು ಬಸಿದು ಹೋಯಿತು. ಹಾಕಿದ್ದರಲ್ಲಿ ಕೆಸರು. ಬುಡ ಕೊಳೆಯಿತು. ಕೊನೆಗೆ ಕೈಯಲ್ಲಿ ಉಳಿದದ್ದು 31 ಗಿಡ. ಇನ್ನೂರು ಗಿಡಕ್ಕೆ ಮುಂಗಡ ತೆಗೆದುಕೊಂಡು ಆಗಿತ್ತು. ಅಷ್ಟು ಪೂರೈಸಲಾಗದೆ ಬೇರೆ ನರ್ಸರಿಯಿಂದ ದುಡ್ಡು ಕೊಟ್ಟು ತಂದು, ತಂದ ಬೆಲೆಗಿಂತ ಕಮ್ಮಿಗೆ ಕೊಟ್ಟೆವು. ಮಾತು ಉಳಿಯಿತು, ದುಡ್ಡು ಹೋಯಿತು.

ಪ್ಯಾಕೆಟ್‌ನಲ್ಲಿ ಕಾಲು ಕಿಲೋ ಮಿಕ್ಕಿತ್ತು. ಎಸೆಯಲು ಮನಸ್ಸು ಬರಲಿಲ್ಲ. ತಪ್ಪು ಹರಳಿನದ್ದೋ ನನ್ನದೋ ತಿಳಿಯಬೇಕಿತ್ತು.

ಮೊದಲು ಲೆಕ್ಕ. ನನ್ನ 'ಒಂದು ಚಮಚ'ವನ್ನು ಪೇಟೆಯ ಚಿನ್ನದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಐದು ಗ್ರಾಂ. ತೂಕದ ಇನ್ನೂರು ಪಟ್ಟು ಹೀರಿದರೂ ಒಂದು ಲೀಟರ್. ನನ್ನ ತೊಟ್ಟೆ ಹಿಡಿಯುವ ಮಣ್ಣೇ ಸುಮಾರು ಒಂದು ಲೀಟರ್! ಉಕ್ಕದೆ ಏನಾದೀತು? ಒಂದು ಲೀಟರ್ ಮಣ್ಣಿಗೆ ಒಂದು ಗ್ರಾಂ, ಹೆಚ್ಚೆಂದರೆ ಎರಡು ಸಾಕು. ಅಂದರೆ ಕಾಲು ಚಮಚ.

ಎರಡನೆಯದು ನೀರಿನ ಪರೀಕ್ಷೆ. ಇದನ್ನು ಯಾರೂ ಮನೆಯಲ್ಲೇ ಮಾಡಬಹುದು. ನಾಲ್ಕು ಪಾತ್ರೆಯಲ್ಲಿ ತಲಾ ಒಂದು ಲೀಟರ್ ನೀರು, ತಲಾ ಎರಡು ಗ್ರಾಂ ಹರಳು. ರಾತ್ರಿ ಬಿಟ್ಟು ಬೆಳಗ್ಗೆ ತೆಳು ಬಟ್ಟೆಯಲ್ಲಿ ಸೋಸಿ, ಉಳಿದ ನೀರು ಅಳೆದೆ. ಹಿಡಿದಿಟ್ಟ ಮಳೆನೀರಲ್ಲಿ ಹರಳು ಕುಡಿದದ್ದು ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಬಾವಿ ನೀರಲ್ಲಿ ಹೆಚ್ಚುಕಮ್ಮಿ ಅಷ್ಟೇ. ನಮ್ಮ ಮುರಕಲ್ಲಿನ ಬಾವಿ ನೀರು ಮೆದು. ನೆಂಟರ ಮನೆಯಿಂದ ತಂದ ಬೋರ್‌ವೆಲ್ ನೀರಲ್ಲಿ ಮುನ್ನೂರು ಮಿಲಿ. ಅವರ ಪಾತ್ರೆಗೆ ಬಿಳಿ ಕಟ್ಟುವ ನೀರು ಅದು. ಐದು ಗ್ರಾಂ ಕಾಂಪ್ಲೆಕ್ಸ್ ಗೊಬ್ಬರ ಕರಗಿಸಿದ ಬಾವಿ ನೀರಲ್ಲಿ ಬರೇ ನೂರಿಪ್ಪತ್ತು!

ಕಾರಣ ಸುಲಭ. ಹರಳಿನೊಳಗೆ ಬಲೆಯ ಹಾಗೆ ಹೆಣೆದ ಉದ್ದುದ್ದ ಎಳೆಗಳಿವೆ. ನೀರು ತಾಗಿದಾಗ ಎಳೆಗಳು ಒಂದನ್ನೊಂದು ದೂಡಿ ಬಲೆ ಅಗಲವಾಗುತ್ತದೆ, ನೀರು ಒಳಗೆ ತುಂಬುತ್ತದೆ. ನೀರಲ್ಲಿ ಉಪ್ಪಿನಂಶ ಇದ್ದರೆ ಈ ದೂಡುವಿಕೆ ಕಮ್ಮಿ. ರಾಸಾಯನಿಕ ಗೊಬ್ಬರವೆಂದರೆ ಉಪ್ಪುಗಳೇ ಅಲ್ಲವೇ? ಸುಣ್ಣ, ತಾಮ್ರದಂಥವು ಇನ್ನೂ ಕೆಟ್ಟದು. ಅವು ಎಳೆ ಎಳೆಯನ್ನು ಕಟ್ಟಿಹಾಕುತ್ತವೆ.

ನಂಬಿಕೆ ಬರಲೆಂದು ಅಮ್ಮನ ಎಲೆ ಪೆಟ್ಟಿಗೆಯಿಂದ ಸುಣ್ಣ ತೆಗೆದು ನೀರಿಗೆ ಕದಡಿ, ಮೇಲಿನ ತಿಳಿಯನ್ನು ಉಬ್ಬಿದ ಹರಳಿನ ಮೇಲೆ ಹೊಯ್ದೆ. ಗಾಜಿನಂತಿದ್ದದ್ದು ಬೆಳ್ಳಗಾಗಿ ಮುದುಡಿತು. ಮತ್ತೆ ಬಾವಿ ನೀರಿಗೆ ಹಾಕಿದರೂ ಮೊದಲಿನಂತೆ ಉಬ್ಬಲಿಲ್ಲ. ನಾವು ಮೆಣಸಿನ ತೊಟ್ಟೆಗೆ ಕೊಳೆ ಬಾರದಂತೆ ಶೇಕಡಾ ಒಂದರ ಬೋರ್ಡೋ ದ್ರಾವಣ ಎರೆಯುವವರು. ಅದರಲ್ಲಿರುವುದು ಮೈಲುತುತ್ತು, ಸುಣ್ಣ. ಒಂದು ಕೈಯಲ್ಲಿ ಹರಳು ಹಾಕಿ ಇನ್ನೊಂದು ಕೈಯಲ್ಲಿ ಅದರ ಕುತ್ತಿಗೆ ಹಿಚುಕಿದ ಹಾಗೆ!

2021ರಲ್ಲಿ ಅರುವತ್ತು ತೊಟ್ಟೆಯಲ್ಲಿ ಮತ್ತೊಮ್ಮೆ ನೋಡಿದೆ. ಮೇಲ್ಮಣ್ಣು, ಹೊಯಿಗೆ, ಹಟ್ಟಿಗೊಬ್ಬರ ಎಲ್ಲದಕ್ಕೂ ಒಂದೇ. ಇಪ್ಪತ್ತಕ್ಕೆ ಹರಳಿಲ್ಲ. ನಲುವತ್ತಕ್ಕೆ ತಲಾ ಒಂದು ಗ್ರಾಂ. ಈ ಸಲ ಬೆರೆಸಿದ ಮೇಲೆ ತೊಟ್ಟೆಯ ಮೇಲ್ತುದಿ ಎರಡು ಬೆರಳು ಖಾಲಿ ಬಿಟ್ಟು, ಎರಡು ದಿನ ನೀರು ಹಾಕಿ ಉಬ್ಬುವಷ್ಟು ಉಬ್ಬಲು ಬಿಟ್ಟೆ. ಆಮೇಲೆ ಒತ್ತಿ ಬಳ್ಳಿ ನೆಟ್ಟೆ. ಒಂದೂ ಏಳಲಿಲ್ಲ. ಬೇರು ಬಂದ ಮೇಲೆ ಹರಳಿನ ಇಪ್ಪತ್ತು ತೊಟ್ಟೆಗೆ ಬೋರ್ಡೋ ಎರೆದೆ. ವಾರದ ನಂತರ ಎಲ್ಲದಕ್ಕೂ ತೋಯುವಷ್ಟು ನೀರು ಹಾಕಿ ನಿಲ್ಲಿಸಿದೆ.

ಹರಳಿಲ್ಲದವು ಮೂರನೇ ದಿನ ಬಾಡಿದವು. ಹರಳಿದ್ದವು ಐದನೇ ದಿನದವರೆಗೆ ತಡೆದವು. ಬೋರ್ಡೋ ಬಿದ್ದವು? ಹರಳಿಲ್ಲದವುಗಳ ಜತೆಗೇ ಬಾಡಿದವು. ಒಂದು ತೊಟ್ಟೆ ಸೀಳಿ ನೋಡಿದಾಗ ಬಿಳಿ ಬೇರುಗಳು ಲೋಳೆಯ ಮುದ್ದೆಯೊಳಗೇ ಹೊಕ್ಕಿದ್ದವು. ಹಾಗಾಗಿ ಹೀರಿದ್ದನ್ನು ಬೇರಿಗೆ ಕೊಡುತ್ತದೆ ಎಂಬುದು ಸುಳ್ಳಲ್ಲ. ಆದರೆ ನಾವು ಕೊಟ್ಟ ನೀರನ್ನಷ್ಟೇ ಅದು ಇಟ್ಟುಕೊಳ್ಳುವುದು. ನೀರು ಹುಟ್ಟಿಸುವುದಿಲ್ಲ. ಎರಡು ದಿನದ ಬಿಡುವು ಸಿಕ್ಕಿತು ಅಷ್ಟೇ. ಆಳು ಸಿಗದ ಕಾಲಕ್ಕೆ ಅದೂ ಸಣ್ಣದಲ್ಲ.

ಇದು ತೀರಾ ಹೊಸ ವಸ್ತುವಲ್ಲ. ಅಮೆರಿಕದ ಪಿಯೋರಿಯಾದ ಸರಕಾರಿ ಪ್ರಯೋಗಶಾಲೆಯಲ್ಲಿ ಜೋಳದ ಪಿಷ್ಟದಿಂದ ಇಂಥದ್ದನ್ನು 1970ರ ದಶಕದಲ್ಲೇ ಮಾಡಿದ್ದರು. ನಮ್ಮಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 'ಪೂಸಾ ಹೈಡ್ರೋಜೆಲ್' ತಯಾರಿಸಿತು. ಹೊಲದ ಬೆಳೆಗೆ ಅವರ ಶಿಫಾರಸು ಹೆಕ್ಟೇರಿಗೆ ಎರಡೂವರೆಯಿಂದ ಐದು ಕಿಲೋ, ಬಿತ್ತುವ ಸಾಲಿನಲ್ಲಿ ಬೇರಿನ ಹತ್ತಿರ. ಅದನ್ನು ಅಡಿಕೆ ಬುಡಕ್ಕೆ ಹಾಕುವ ಯೋಚನೆ ನನಗಿಲ್ಲ. ಅಲ್ಲಿ ಸೋಗೆ, ತರಗೆಲೆ ದಪ್ಪ ಹಾಸಿದರೆ ಸಾಕು, ದುಡ್ಡೂ ಬೇಡ. ತೊಟ್ಟೆಗೂ ಮೊದಲು ತೆಂಗಿನ ನಾರಿನ ಹುಡಿ ಹಾಕಿ ನೋಡಿ ಎನ್ನುತ್ತೇನೆ. ಎರಡು ಮೂರು ಸಲ ತೊಳೆದು ಹಾಕಬೇಕು. ತನ್ನ ತೂಕದ ಐದಾರು ಪಟ್ಟು ನೀರು ಹಿಡಿಯುತ್ತದೆ, ಗೊಬ್ಬರ ಬಿದ್ದರೆ ಕೈಕೊಡುವುದಿಲ್ಲ.

ಕೊಳ್ಳುವಾಗ ಪ್ಯಾಕೆಟ್ ಓದಿ. ಪೊಟ್ಯಾಸಿಯಂನದ್ದು ಇರಲಿ, ಸೋಡಿಯಂನದ್ದು ಬೇಡ. ನೆಂಟರೊಬ್ಬರು ಮಗುವಿನ ಡೈಪರ್ ಹರಿದು ಅದರ ಹುಡಿಯನ್ನು ಗುಲಾಬಿ ಚಟ್ಟಿಗೆ ಹಾಕಿದ್ದರು. ಅದು ಸೋಡಿಯಂ, ಮಣ್ಣು ಕೆಡಿಸುವ ವಸ್ತು. ಒಣ ಹುಡಿ ಕಣ್ಣು, ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ. ಅಂಗಳದಲ್ಲಿ ಚೆಲ್ಲಿ ಒದ್ದೆಯಾದರೆ ಕಾಲು ಜಾರಿ ಬೀಳುವುದೇ. ಮಕ್ಕಳಿರುವ ಮನೆಯಲ್ಲಿ ಬೀಗದೊಳಗೆ ಇಡಿ. ನೀರಲ್ಲಿ ಉಬ್ಬುವ ಬಣ್ಣದ ಮಣಿಗಳೂ ಇದೇ ಜಾತಿ. ನುಂಗಿದರೆ ಕರುಳಲ್ಲಿ ಉಬ್ಬಿ ಆಪರೇಷನ್ ಆಗಬೇಕಾದೀತು.

ಈಗ ಮೆಣಸಿನ ತೊಟ್ಟೆಗೆ ಹರಳು ಹಾಕುವುದಿಲ್ಲ. ಬೋರ್ಡೋ ಬಿಡಲಾಗದು, ಜೂನಿನ ಮಳೆ ತಪ್ಪಿಸಲಾಗದು. ಮಿಕ್ಕಿದ್ದನ್ನು ಮನೆಯಾಕೆ ತಾರಸಿಯ ಮಲ್ಲಿಗೆ ಚಟ್ಟಿಗೆ ಹಾಕಿದ್ದಾಳೆ. ಹನ್ನೆರಡು ಚಟ್ಟಿ, ಮಳೆಗಾಲದಲ್ಲಿ ಮೇಲೆ ಶೀಟ್ ಇದೆ. ಹಟ್ಟಿಗೊಬ್ಬರ, ಕಡ್ಲೆಹಿಂಡಿ ಬಿಟ್ಟು ಬೇರೆ ಗೊಬ್ಬರವಿಲ್ಲ. ಮೊದಲ ಬೇಸಿಗೆ ಎರಡು ದಿನಕ್ಕೊಮ್ಮೆ ನೀರು ಸಾಕಾಯಿತು. ಎರಡನೇ ಬೇಸಿಗೆಗೆ ಆ ಗುಣ ಸ್ವಲ್ಪ ಇಳಿದಂತಿತ್ತು. ಮೂರು ನಾಲ್ಕು ವರ್ಷ ಹಳೆಯ ಹರಳಿನ ಚಟ್ಟಿ ಯಾರಲ್ಲಾದರೂ ಇದ್ದರೆ, ಮಣ್ಣು ಕೆದಕಿ ನೋಡಿ ಏನು ಉಳಿದಿದೆ ಎಂದು ಪತ್ರಿಕೆಗೆ ಬರೆಯಿರಿ.