ಸೀತಾದೇವಿಯ ಪ್ಲಾನ್ ಕೋರ್ಟಲ್ಲಿ ನಿಲ್ಲುತ್ತಿತ್ತಾ?

ಅಪ್ಪನ ಉಯಿಲಿನ ಪ್ರಕಾರ, 21 ತುಂಬಿದ ಒಂದು ತಿಂಗಳೊಳಗೆ ಮದುವೆಯಾದರೆ ಮಾತ್ರ ಅನಿತಾಗೆ 70 ಲಕ್ಷ ರೂಪಾಯಿ. ಅವಳನ್ನು ಸಾಕಿದ, ಗಂಡಸರನ್ನು ಕಂಡರಾಗದ ಸೀತಾದೇವಿ ಒಂದು ದಾರಿ ಹುಡುಕುತ್ತಾಳೆ: ಕೆಲಸವಿಲ್ಲದ ಕಾರ್ಟೂನಿಸ್ಟ್ ಪ್ರೀತಮ್‌ಗೆ ದುಡ್ಡು ಕೊಟ್ಟು ಮದುವೆ ಮಾಡಿಸೋದು, ಆಸ್ತಿ ಬಂದಮೇಲೆ ಡಿವೋರ್ಸ್.

ಇದು ‘ಮಿಸ್ಟರ್ ಅಂಡ್ ಮಿಸೆಸ್ 55’ ಕಥೆ. ಬೆಂಗಳೂರಲ್ಲಿ ಹುಟ್ಟಿದ ಗುರುದತ್ ನಿರ್ದೇಶಕ, ನಾಯಕ ಎರಡೂ. ಕ್ಯಾಮೆರಾ ಮೈಸೂರಿನ ವಿ.ಕೆ. ಮೂರ್ತಿ ಅವರದು, ಪ್ರೀತಮ್‌ನ ಕಾರ್ಟೂನ್ ಬರೆದದ್ದು ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್. ಮಧುಬಾಲಾಳ ತುಂಟತನ, ಜಾನಿ ವಾಕರ್‌ನ ತಮಾಷೆ ಇವತ್ತಿಗೂ ನಗಿಸುತ್ತವೆ. ನನಗೂ ಇಷ್ಟದ ಸಿನಿಮಾ.

ಆದರೆ ಎಂಜಿನಿಯರಿಂಗ್ ಓದಿದವನ ಚಾಳಿ ನೋಡಿ, ಪ್ಲಾನ್ ವರ್ಕ್ ಆಗುತ್ತಾ ಅಂತ ಚೆಕ್ ಮಾಡಬೇಕು ಅನ್ನಿಸಿತು. ಚಿತ್ರ ಬಂದ 1955ರಲ್ಲೇ, ಮೇ 18ಕ್ಕೆ, ಹಿಂದೂ ವಿವಾಹ ಕಾಯ್ದೆಯೂ ಬಂತು. ಡಿವೋರ್ಸ್ ಸಿಕ್ಕರೆ ಹೆಂಗಸರು ಬೇಕಾದಾಗ ಗಂಡನನ್ನು ಬಿಟ್ಟು ಹೋಗುತ್ತಾರೆ ಅನ್ನೋ ಆಗಿನ ಭಯವನ್ನೇ ಚಿತ್ರ ಹಾಸ್ಯ ಮಾಡಿಕೊಂಡಿದೆ.

ಕಾಯ್ದೆ ಮಾತ್ರ ಅಷ್ಟು ಸಲೀಸಾಗಿರಲಿಲ್ಲ. ತೀರಾ ಅಸಾಧಾರಣ ಕಷ್ಟವಿದ್ದರೆ ಬಿಟ್ಟು, ಮದುವೆಯಾಗಿ ಮೂರು ವರ್ಷ ಕಳೆಯದೆ ಅರ್ಜಿ ಹಾಕುವಂತಿರಲಿಲ್ಲ. ಇಬ್ಬರೂ ಒಪ್ಪಿ ಬೇರೆಯಾಗುವ ಅವಕಾಶ ಬಂದದ್ದೇ 1976ರ ತಿದ್ದುಪಡಿಯಲ್ಲಿ. ಅಲ್ಲಿಯವರೆಗೆ ಒಬ್ಬರ ಮೇಲೆ ಕಾಯ್ದೆ ಪಟ್ಟಿ ಮಾಡಿದ ಕಾರಣವೊಂದನ್ನು ಸಾಬೀತು ಮಾಡಲೇಬೇಕಿತ್ತು. ಪ್ರೀತಮ್ ತಾನೇ ಕೆಟ್ಟವನು ಅಂತ ಸುಳ್ಳು ಸಾಕ್ಷಿ ಸೃಷ್ಟಿಸೋದು ಸಿನಿಮಾದ ತ್ಯಾಗದಂತೆ ಕಾಣುತ್ತೆ. ನಿಜಜೀವನದಲ್ಲೂ, ಒಪ್ಪಿ ಬೇರೆಯಾಗಲು ಹೊರಟವರಿಗೆ ಸುಳ್ಳೇ ಹತ್ತಿರದ ದಾರಿಯಾಗಿತ್ತು.

ನನ್ನನ್ನು ಕಾಡೋದು ಇನ್ನೊಂದು ದೃಶ್ಯ. ಪ್ರೀತಮ್‌ನ ಅತ್ತಿಗೆ ಮನೆ, ಮಕ್ಕಳು ಅಂತ ಸುಖವಾಗಿದ್ದಾಳೆ. ಗಂಡ ಹೊಡೆಯುತ್ತಾನಾ ಅಂತ ಅನಿತಾ ಕೇಳಿದರೆ, ಕೆಲವೊಮ್ಮೆ ಹೊಡೆದರೂ ಪ್ರೀತಿಯೂ ಮಾಡುತ್ತಾನೆ ಅನ್ನೋ ಧಾಟಿಯ ಉತ್ತರ. ಅನಿತಾ ಮನಸ್ಸು ಬದಲಾಗೋದು ಆ ಮನೆಯಲ್ಲೇ.

ಆ ಅತ್ತಿಗೆಗೆ ಹೊಡೆತ ಸಾಕಾಗಿ ಕೋರ್ಟಿಗೆ ಹೋಗಿದ್ದರೆ? 1955ರ ಕಾಯ್ದೆಯಲ್ಲಿ ಕ್ರೌರ್ಯಕ್ಕೆ ಸಿಗುತ್ತಿದ್ದದ್ದು ನ್ಯಾಯಿಕ ಪ್ರತ್ಯೇಕತೆ, ಅಂದರೆ ಮದುವೆ ಉಳಿದೇ ಬೇರೆ ಬೇರೆ ಇರೋದು. ಕ್ರೌರ್ಯ ನೇರವಾಗಿ ಡಿವೋರ್ಸ್‌ಗೆ ಕಾರಣವಾದದ್ದೂ 1976ರಲ್ಲೇ.

ಡಿವೋರ್ಸ್ ಅಂದರೆ ದುಡ್ಡಿರುವ ಹೆಣ್ಣುಮಕ್ಕಳ ಹುಚ್ಚಾಟ ಅನ್ನೋ ಜೋಕ್ ಈಗಲೂ ನಮ್ಮ ವಾಟ್ಸಾಪ್‌ಗೆ ಬರುತ್ತಿರುತ್ತೆ. ಅದನ್ನು ಫಾರ್ವರ್ಡ್ ಮಾಡುವ ಮುನ್ನ ಆ ಅತ್ತಿಗೆಯನ್ನೊಮ್ಮೆ ನೆನೆಯಿರಿ. ಕಾನೂನು ಬೇಕಿದ್ದದ್ದು ಅವಳಿಗೆ.