ಹಳ್ಳಿಗೆ ಬರುವ ಅತಿಥಿಗಳೂ ಅಂತರ್ಜಾಲದ ನೆರವೂ

ಬೇಸಾಯವೊಂದನ್ನೇ ನಂಬಿದ ಕುಟುಂಬಕ್ಕೆ ವರ್ಷದ ಎಲ್ಲಾ ತಿಂಗಳುಗಳಲ್ಲಿಯೂ ಸಮನಾದ ವರಮಾನವಿರುವುದಿಲ್ಲವೆಂಬ ಸಂಗತಿಯು ವಾಚಕರಿಗೆ ತಿಳಿದುದೇ ಆಗಿದೆ. ಈ ಕೊರತೆಯನ್ನು ತುಂಬಿಕೊಳ್ಳುವುದಕ್ಕಾಗಿ ಹೈನುಗಾರಿಕೆ, ರೇಷ್ಮೆ ವ್ಯವಸಾಯ, ಜೇನುಸಾಕಣೆ ಮೊದಲಾದ ಉಪಕಸುಬುಗಳನ್ನು ನಮ್ಮ ರೈತರು ಬಹುಕಾಲದಿಂದಲೂ ಅವಲಂಬಿಸಿರುವರು. ಇವುಗಳ ಸಾಲಿಗೆ ಈಗ ಸಮುದಾಯ ಪ್ರವಾಸೋದ್ಯಮವೂ ಸೇರಿದೆ. ಒಬ್ಬ ಹಣವಂತನು ಊರ ಹೊರಗೆ ವಸತಿಗೃಹವನ್ನು ಕಟ್ಟಿ ಲಾಭವನ್ನೆಲ್ಲಾ ತಾನೇ ಪಡೆಯುವುದು ಸಮುದಾಯ ಪ್ರವಾಸೋದ್ಯಮವೆನಿಸದು. ಊರಿನವರು ಕೂಡಿ ಆಲೋಚಿಸಿ, ತಮ್ಮ ಮನೆಗಳಲ್ಲಿ ಅತಿಥಿಗಳಿಗೆ ಇಂಬುಕೊಟ್ಟು, ತಮ್ಮ ಹೊಲಗದ್ದೆ, ಕೈಗಸಬು, ಅಡಿಗೆಗಳನ್ನು ಅವರಿಗೆ ಪರಿಚಯ ಮಾಡಿಸಿ, ಬಂದ ವರಮಾನವನ್ನು ಹಂಚಿಕೊಳ್ಳುವುದೇ ಇದರ ಲಕ್ಷಣವು.

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಆನೆಗೊಂದಿಯು ಇದಕ್ಕೆ ತಕ್ಕ ನಿದರ್ಶನವಾಗಿದೆ. ತುಂಗಭದ್ರೆಯ ಉತ್ತರ ದಡದಲ್ಲಿ, ಹಂಪೆಗೆ ಎದುರಾಗಿರುವ ಈ ಪ್ರಾಚೀನ ಗ್ರಾಮದ ಸುತ್ತಲೂ ಬತ್ತದ ಗದ್ದೆಗಳೂ ಬಾಳೆಯ ತೋಟಗಳೂ ಇವೆ. ಬಾಳೆಯ ಗಿಡವು ಒಂದೇ ಸಲ ಗೊನೆ ಕೊಡತಕ್ಕದ್ದು. ಗೊನೆಯನ್ನು ಕಡಿದ ಬಳಿಕ ಅದರ ಕಾಂಡವು ಸಾಮಾನ್ಯವಾಗಿ ತೋಟದಲ್ಲಿಯೇ ಕೊಳೆತುಹೋಗುವುದು. ೧೯೯೭ರಲ್ಲಿ ಸ್ಥಾಪಿತವಾದ ಕಿಷ್ಕಿಂಧಾ ಟ್ರಸ್ಟ್ ಎಂಬ ಸಂಸ್ಥೆಯ ಪ್ರೋತ್ಸಾಹದಿಂದ ಇಲ್ಲಿನ ಹೆಂಗಸರು ಬಾಳೆಪಟ್ಟೆಯ ನಾರಿನಿಂದ ಚೀಲ, ಬುಟ್ಟಿ, ಚಾಪೆ ಮುಂತಾದುವನ್ನು ಹೆಣೆಯುವ ಕಸುಬನ್ನು ಕೈಗೊಂಡರು. ಊರಿನ ಹಳೆಯ ಮನೆಗಳಲ್ಲಿ ಕೆಲವು ದುರಸ್ತಾಗಿ ಅತಿಥಿಗಳ ವಸತಿಗೆ ಒದಗಿದುವು. ಹೀಗೆ ಕಸವೆಂದು ಬಿಟ್ಟ ವಸ್ತುವೂ, ಬೀಳುವಂತಿದ್ದ ಗೋಡೆಯೂ ವರಮಾನಕ್ಕೆ ದಾರಿಯಾದುವು.

ಆದರೆ ಆನೆಗೊಂದಿಗೆ ಸಮೀಪದಲ್ಲಿಯೇ ಎಚ್ಚರಿಕೆಯ ಪಾಠವೂ ಒಂದಿದೆ. ಹೊಳೆಯ ನಡುವಣ ವಿರೂಪಾಪುರಗಡ್ಡೆಯ ವಸತಿಗೃಹಗಳ ಹೆಸರು ಅಂತರ್ಜಾಲದ ಮೂಲಕ ದೇಶವಿದೇಶಗಳಿಗೆ ಹಬ್ಬಿತ್ತು. ಹಂಪೆಯ ಸ್ಮಾರಕಗಳು ೧೯೮೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆ ಪ್ರದೇಶದ ರಕ್ಷಣೆಗಾಗಿ ೨೦೦೨ರಲ್ಲಿ ಪ್ರತ್ಯೇಕವಾದ ಕಾನೂನೂ ಆಯಿತು. ಗಡ್ಡೆಯ ಕಟ್ಟಡಗಳು ನಿಯಮಕ್ಕೆ ವಿರುದ್ಧವಾದುವೆಂದು ೨೦೨೦ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸ್ಥಿರಪಟ್ಟು, ಮುಂದಿನ ತಿಂಗಳಲ್ಲಿಯೇ ಅವು ನೆಲಸಮವಾದುವು. ಆದುದರಿಂದ ಪ್ರಚಾರಕ್ಕೆ ಮೊದಲೇ ಗ್ರಾಮಸಭೆಯ ಒಪ್ಪಿಗೆ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಮತ್ತು ಸ್ಥಳೀಯ ಅಧಿಕಾರಿಗಳ ಅಪ್ಪಣೆ ಇವುಗಳನ್ನು ಪಡೆಯತಕ್ಕದ್ದು. ಊರಿನ ಕುಡಿಯುವ ನೀರು, ಶೌಚಾಲಯ, ಕಸದ ವಿಲೇವಾರಿ ಇವುಗಳು ಒಮ್ಮೆಗೆ ಎಷ್ಟು ಜನರಿಗೆ ಸಾಕಾಗುವುವೆಂಬುದನ್ನು ಲೆಕ್ಕಹಾಕಿ, ಅದಕ್ಕಿಂತ ಹೆಚ್ಚು ಮಂದಿಯನ್ನು ಕರೆಯದಿರುವುದು ಲೇಸು.

ಇಷ್ಟಾದ ಮೇಲೆ ಅಂತರ್ಜಾಲದಲ್ಲಿ ಶುಲ್ಕವಿಲ್ಲದೆ ದೊರೆಯುವ ಈ ಕೆಳಗಣ ಸಾಧನಗಳನ್ನು ಉಪಯೋಗಿಸಿಕೊಳ್ಳಬಹುದು.

(೧) ಭೂಪಟ.—೨೦೦೪ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಭೂಪಟವನ್ನು ಯಾರು ಬೇಕಾದರೂ ತಿದ್ದಿ ತುಂಬಬಹುದು. ಊರುಕೇರಿಗಳ ಹೆಸರನ್ನು ಕನ್ನಡದಲ್ಲಿಯೂ ಬರೆಯಬಹುದು. ಗೂಗಲ್ ಭೂಪಟದಲ್ಲಿಯೂ ಮನೆಯ ವಿವರವನ್ನೂ ದೂರವಾಣಿ ಸಂಖ್ಯೆಯನ್ನೂ ನಮೂದಿಸಬಹುದು. ಬಸ್ಸು ನಿಲ್ಲುವ ಸ್ಥಳ, ಆಸ್ಪತ್ರೆ, ಅತಿಥಿಗಳನ್ನು ಇಳಿಸಿಕೊಳ್ಳುವ ಮನೆ ಇವುಗಳನ್ನು ಮೊದಲು ಗುರುತಿಸತಕ್ಕದ್ದು.

(೨) ಚಿತ್ರ ಮತ್ತು ವೃತ್ತಾಂತ.—ಊರಿನ ಚರಿತ್ರೆಯನ್ನು ೨೦೦೩ರಿಂದ ನಡೆದುಬಂದಿರುವ ಕನ್ನಡ ವಿಕಿಪೀಡಿಯದಲ್ಲಿ ಆಧಾರಸಹಿತವಾಗಿ ಬರೆಯಬಹುದು. ಅಲ್ಲಿ ಜಾಹೀರಾತಿಗೆ ಎಡೆಯಿಲ್ಲ. ತಲಪುವ ದಾರಿ, ತಂಗುವ ಸ್ಥಳ ಇವುಗಳಿಗೆ ವಿಕಿವಾಯೇಜ್ ಎಂಬ ಪ್ರವಾಸ ಕೈಪಿಡಿಯಿದೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಇರಿಸಿದ ಚಿತ್ರವನ್ನು ಯಾರು ಬೇಕಾದರೂ, ವ್ಯಾಪಾರಕ್ಕಾದರೂ, ಬಳಸಬಹುದು. ಆದಕಾರಣ ಜನರ ಚಿತ್ರವನ್ನು ಅವರ ಸಮ್ಮತಿಯಿಲ್ಲದೆ ಹಾಕಲಾಗದು.

(೩) ಸರ್ಕಾರದ ದಾಖಲೆ.—ಕೇಂದ್ರ ಪ್ರವಾಸೋದ್ಯಮ ಮಂತ್ರಾಲಯದ ‘ನಿಧಿ’ ಎಂಬ ಜಾಲತಾಣದಲ್ಲಿ ವಸತಿ ಕೊಡುವವರು ತಮ್ಮ ಹೆಸರನ್ನು ನೋಂದಾಯಿಸಬಹುದು.

(೪) ಮಾದರಿಗಳು.—ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯು ೨೦೨೧ರಿಂದ ಅತ್ಯುತ್ತಮ ಪ್ರವಾಸಿ ಗ್ರಾಮಗಳನ್ನು ಆರಿಸುತ್ತಿದೆ. ಆ ವರ್ಷ ತೆಲಂಗಾಣದ ನೇಕಾರರ ಊರಾದ ಪೋಚಂಪಲ್ಲಿಯೂ, ೨೦೨೩ರಲ್ಲಿ ಗುಜರಾತಿನ ಧೋರ್ಡೋ ಗ್ರಾಮವೂ ಆಯ್ಕೆಯಾದುವು. ಆಯ್ಕೆಯ ಒರೆಗಲ್ಲುಗಳು ಅಂತರ್ಜಾಲದಲ್ಲಿ ಪ್ರಕಟವಾಗಿವೆ. ಸ್ಪರ್ಧಿಸದಿದ್ದರೂ ಅವುಗಳಿಂದ ನಮ್ಮ ಊರಿನ ಕುಂದುಕೊರತೆಗಳನ್ನು ಅಳೆದುಕೊಳ್ಳಬಹುದು.

ಕೋಣೆಗಳನ್ನು ಕಾದಿರಿಸಿಕೊಡುವ ಮಧ್ಯವರ್ತಿ ಜಾಲತಾಣಗಳಿಂದ ಗಿರಾಕಿಗಳು ಬೇಗನೆ ಬರುವರು. ಆದರೆ ಅವುಗಳ ಕಮಿಷನ್ನನ್ನು ಗಮನಿಸತಕ್ಕದ್ದು. ದಿನಕ್ಕೆ ೧,೦೦೦ ರೂಪಾಯಿ ಬಾಡಿಗೆಯ ಕೋಣೆಯು ವರ್ಷದಲ್ಲಿ ೬೦ ದಿನ ತುಂಬಿತೆಂದೂ, ಕಮಿಷನ್ನು ನೂರಕ್ಕೆ ೧೫ ಎಂದೂ ಇಟ್ಟುಕೊಂಡರೆ, ೯,೦೦೦ ರೂಪಾಯಿಗಳು ಊರಿನಿಂದ ಹೊರಕ್ಕೆ ಹೋಗುವುವು. ಭೂಪಟದಲ್ಲಿ ಕಂಡ ಸಂಖ್ಯೆಗೆ ನೇರವಾಗಿ ಮಾತನಾಡಿ ಬರುವ ಅತಿಥಿಯಿಂದ ಈ ಹಣವು ಮನೆಯಲ್ಲಿಯೇ ಉಳಿಯುವುದು. ಅದರಲ್ಲಿ ಒಂದು ಭಾಗವನ್ನು ಊರ ನೈರ್ಮಲ್ಯಕ್ಕೆಂದು ತೆಗೆದಿಡುವ ಪದ್ಧತಿಯು ಶ್ಲಾಘ್ಯವಾದುದು. ಅತಿಥಿಗಳನ್ನು ಸರದಿಯ ಮೇಲೆ ಮನೆಗಳಿಗೆ ಕಳುಹಿಸಿ, ಲೆಕ್ಕದ ಪುಸ್ತಕವನ್ನು ಎಲ್ಲರೂ ನೋಡುವಂತೆ ಇಟ್ಟರೆ ಮನಸ್ತಾಪಕ್ಕೆ ಎಡೆಯಿರದು.

ಮೋಸದ ವಿಷಯದಲ್ಲಿಯೂ ಜಾಗರೂಕರಾಗಿರಬೇಕು. ಮೊಬೈಲಿನ ಯುಪಿಐ ಮೂಲಕ ಹಣವನ್ನು ಪಡೆಯುವುದಕ್ಕೆ ರಹಸ್ಯ ಸಂಖ್ಯೆಯನ್ನು ಒತ್ತಬೇಕಾಗಿಲ್ಲ. ಮುಂಗಡ ಕಳುಹಿಸುವೆನೆಂದು ಆ ಸಂಖ್ಯೆಯನ್ನು ಒತ್ತಿಸುವವನು ವಂಚಕನೆಂದೇ ತಿಳಿಯತಕ್ಕದ್ದು. ವಿದೇಶೀಯರು ತಂಗಿದಲ್ಲಿ ೨೪ ಗಂಟೆಗಳೊಳಗಾಗಿ ಅಂತರ್ಜಾಲದ ಮೂಲಕ ನೋಂದಣಾಧಿಕಾರಿಗಳಿಗೆ ವರದಿ ಮಾಡಬೇಕು.

ಈ ಕೆಲಸಗಳಿಗೆ ಪಟ್ಟಣದಿಂದ ತಜ್ಞರನ್ನು ಕರೆಸಬೇಕಾಗಿಲ್ಲ. ಊರಿನ ಓದುಬಲ್ಲ ಯುವಕಯುವತಿಯರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕುಳಿತು ಇವುಗಳನ್ನು ಕ್ರಮೇಣ ಮಾಡಬಹುದು. ನಾಟಿಯ ಕಾಲ, ಕುಯ್ಲಿನ ಕಾಲ, ಜಾತ್ರೆಯ ಕಾಲ ಇವುಗಳನ್ನು ತಿಳಿಸುವ ಒಂದು ಪಂಚಾಂಗವನ್ನು ಪ್ರಕಟಿಸಿ, ತಮಗೆ ಬಿಡುವಿಲ್ಲದ ದಿನಗಳಲ್ಲಿ ಅತಿಥಿಗಳು ಬೇಡವೆಂದೂ ಸ್ಪಷ್ಟವಾಗಿ ಬರೆಯಲಿ. ಇಲ್ಲದುದನ್ನು ಉಂಟೆಂದು ಹೇಳದಿರಲಿ. ಬಂದವರು ಕಂಡದ್ದೂ ಓದಿದ್ದೂ ಒಂದೇ ಆದರೆ, ಅವರೇ ಮತ್ತೆ ನಾಲ್ವರನ್ನು ಕಳುಹಿಸುವರು. ಬೇಸಾಯವು ಮುಖ್ಯವಾಗಿಯೂ ಅತಿಥಿಸತ್ಕಾರವು ಅದಕ್ಕೆ ಆಸರೆಯಾಗಿಯೂ ನಡೆದಲ್ಲಿ, ಈ ಉಪಕಸುಬು ಗ್ರಾಮಕ್ಕೆ ಶ್ರೇಯಸ್ಕರವಾಗುವುದರಲ್ಲಿ ಸಂದೇಹವಿಲ್ಲ.